ತೊಟ್ಟಿಲ ಬಳಿಯ ಭೂತ

ಐದೂವರೆ ತಿಂಗಳ ಕೂಸೊಂದು ತಾಯಿಯ ತೋಳಿನಲ್ಲಿಯೇ ಬಿಕ್ಕಳಿಸಿ ಅಳುತ್ತಿದೆ; ತಾಯಿ ಮಾತ್ರ ಏನೂ ಕೇಳಿಸದವಳಂತೆ ಬೇರೆಲ್ಲೋ ನೋಡುತ್ತಿದ್ದಾಳೆ. ಇಂತಹ ತಾಯಿಯನ್ನು ಕಂಡರೆ ನೀವು ಏನೆನ್ನುವಿರಿ? ಕಲ್ಲೆದೆಯವಳು ಎಂದು ತೀರ್ಪಿತ್ತು ಮುಂದೆ ನಡೆಯುವವರೇ ನಮ್ಮಲ್ಲಿ ಹೆಚ್ಚು.

1970ರ ದಶಕದ ಆರಂಭದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್ ನಗರದಲ್ಲಿ ಸೆಲ್ಮಾ ಫ್ರೈಬರ್ಗ್ ಮತ್ತು ಅವರ ಸಂಗಡಿಗರು ಎದುರುಗೊಂಡದ್ದು ಈ ದೃಶ್ಯವನ್ನೇ. ಸಮಾಜಕಾರ್ಯದಲ್ಲಿ ತರಬೇತಿ ಹೊಂದಿದ್ದ ಫ್ರೈಬರ್ಗ್ ಅದಕ್ಕೆ ಮುಂಚೆ ಹುಟ್ಟುಕುರುಡು ಶಿಶುಗಳ ಮನೆಗಳಿಗೆ ಹೋಗಿ ಅವರ ಬೆಳವಣಿಗೆಯನ್ನು ಅಭ್ಯಸಿಸಿದ್ದವರು. ಕಣ್ಣು ಕಾಣದ ಕೂಸು ತಾಯಿಯ ನೋಟಕ್ಕೆ ನೋಟ ಬೆರೆಸಲಾರದು. ಆದುದರಿಂದ ಅದರ ಪುಟ್ಟ ಕೈಗಳ ಭಾಷೆಯನ್ನು ಓದಲು ಅವರು ತಾಯಂದಿರಿಗೆ ನೆರವಾದರು. ಮನೆಗೇ ಹೋಗುವ ಆ ರೂಢಿಯನ್ನು ಇಲ್ಲಿಯೂ ಮುಂದುವರಿಸಿದರು. ತಾಯಿ, ಮಗು, ಚಿಕಿತ್ಸಕಿ ಮೂವರೂ ಒಂದೆಡೆ ಕುಳಿತು ನಡೆಸುವ ಈ ಭೇಟಿಗಳಿಗೆ ಅವರು ಅಡುಗೆಮನೆಯ ಮನೋಚಿಕಿತ್ಸೆ ಎಂದೇ ಹೆಸರಿಟ್ಟಿದ್ದರು.

ಪ್ರಬಂಧದಲ್ಲಿ ಮೇರಿ ಎಂಬ ಕಲ್ಪಿತ ಹೆಸರು ಪಡೆದ ಆ ಮಗುವಿನ ಮನೆಗೆ ಹೋದವರು ಎಡ್ನಾ ಆಡೆಲ್ಸನ್. ಮಗುವನ್ನು ಹೇಗೆ ಎತ್ತಿಕೊಳ್ಳಬೇಕೆಂದು ಅವರು ಪಾಠ ಹೇಳಲು ಹೊರಡಲಿಲ್ಲ. ತಾಯಿಯ ಕಥೆಯನ್ನು ಕೇಳಿದರು. ಅವಳು ಹುಟ್ಟಿದ ಬಳಿಕ ಅವಳ ತಾಯಿ ತೀವ್ರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ ಆಸ್ಪತ್ರೆ ಸೇರಿದ್ದಳು. ಮಗು ಬಂಧುಗಳ ಕೈಯಿಂದ ಕೈಗೆ ಸಾಗುತ್ತ ಬೆಳೆದಿತ್ತು. ಅವಳು ಅತ್ತಾಗ ಓಗೊಟ್ಟವರು ಯಾರು? ಮೊದಲ ತಿಂಗಳಿನಲ್ಲಿಯೇ ಒಂದು ದಿನ ಆಕೆ ತನ್ನ ಹಳೆಯ ದುಃಖವನ್ನು ತೋಡಿಕೊಳ್ಳುತ್ತಿದ್ದಂತೆಯೇ ಮೇರಿಯನ್ನು ಎತ್ತಿ ಎದೆಗವಚಿಕೊಂಡು, ಒಡೆದ ದನಿಯಲ್ಲಿ ಲಾಲಿಸತೊಡಗಿದಳು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ.

ಈ ಅನುಭವವನ್ನು ಫ್ರೈಬರ್ಗ್, ಆಡೆಲ್ಸನ್ ಮತ್ತು ವಿವಿಯನ್ ಶಪಿರೊ 1975ರಲ್ಲಿ ಪ್ರಕಟಿಸಿದರು. ಶಿಶುವಿನ ಕೋಣೆಯಲ್ಲಿ ಸುಳಿಯುವ ಭೂತಗಳು ಎಂಬುದು ಆ ಪ್ರಬಂಧದ ಶೀರ್ಷಿಕೆಯ ಅರ್ಥ. ಕನ್ನಡದಲ್ಲಿ ಭೂತವೆಂದರೆ ಕಳೆದ ಕಾಲವೂ ಹೌದಲ್ಲವೇ? ಅವರ ಮಾತಿಗೆ ನಮ್ಮ ಭಾಷೆಯೇ ಹೆಚ್ಚು ಒಗ್ಗುತ್ತದೆ.

ಹಾಗಾದರೆ ಬಾಲ್ಯದಲ್ಲಿ ನೊಂದವರೆಲ್ಲರೂ ಮಕ್ಕಳನ್ನು ನೋಯಿಸುವರೇ? ಇಲ್ಲವೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ಏಟುಗಳು ನೆನಪಿದ್ದು, ಆಗಿನ ಭಯ ಮತ್ತು ಯಾತನೆ ಮರೆಯಾಗಿರುವವರಲ್ಲಿಯೇ ಅಪಾಯ ಹೆಚ್ಚೆಂದು ಅವರು ಕಂಡುಕೊಂಡರು. ಕೆಲವೇ ಕುಟುಂಬಗಳಿಂದ ಪಡೆದ ತಿಳಿವಳಿಕೆ ಇದೆಂಬುದನ್ನು ಮರೆಯಬಾರದು. ಹಿಂಸೆಯಿರುವ ಮನೆಯಲ್ಲಿ ಮಗುವಿನ ರಕ್ಷಣೆಯೇ ಮೊದಲು ಎಂಬುದನ್ನೂ ಕೂಡ.

1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ತೆರಳಿದ ಫ್ರೈಬರ್ಗ್ 1981ರಲ್ಲಿ ತೀರಿಕೊಂಡರು. ಅಲ್ಲಿ ಅವರ ಕಾರ್ಯವನ್ನು ಮುಂದುವರಿಸಿದ ಅಲಿಸಿಯಾ ಲೀಬರ್‌ಮನ್ ಮತ್ತು ಸಂಗಡಿಗರು, ನೊಂದ ಪಾಲಕರೊಡನೆ ಮಾತನಾಡುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದರು: ಬಾಲ್ಯದಲ್ಲಿ ನಿಮ್ಮನ್ನು ಪ್ರೀತಿಸಿದವರು ಒಬ್ಬರಾದರೂ ಇದ್ದರೇ? ಅಂತಹ ನೆನಪುಗಳನ್ನು ಕುರಿತು 2005ರಲ್ಲಿ ಅವರು ಬರೆದ ಪ್ರಬಂಧದ ಶೀರ್ಷಿಕೆಯಲ್ಲಿ ಭೂತಗಳ ಸ್ಥಾನದಲ್ಲಿ ದೇವದೂತರಿದ್ದಾರೆ.