ಕಲ್ಲಿಯಾನದ ಧರ್ಮಾಧ್ಯಕ್ಷ

ಆರನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಯ ಕಲ್ಲಿಯಾನವೆಂಬ ರೇವುಪಟ್ಟಣದಲ್ಲಿದ್ದ ಕ್ರೈಸ್ತ ಧರ್ಮಾಧ್ಯಕ್ಷ. ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್ ಇಂಡಿಕೋಪ್ಲ್ಯೂಸ್ಟಸನು 550ರ ಸುಮಾರಿನಲ್ಲಿ ಗ್ರೀಕಿನಲ್ಲಿ ರಚಿಸಿದ ಕ್ರೈಸ್ತ ಭೂವಿವರಣೆಯ ಮೂರನೆಯ ಭಾಗದಲ್ಲಿ, ಸಿಂಹಳದಲ್ಲಿಯೂ ಮೆಣಸು ಬೆಳೆಯುವ ಮಾಲೆ ದೇಶದಲ್ಲಿಯೂ ಇಗರ್ಜಿಗಳುಂಟೆಂದು ಹೇಳಿ, ಕಲ್ಲಿಯಾನದಲ್ಲಿ ಪರ್ಷಿಯದಿಂದ ನಿಯುಕ್ತನಾದ ಧರ್ಮಾಧ್ಯಕ್ಷನೊಬ್ಬನೂ ಇರುವನೆಂದು ಬರೆದಿದ್ದಾನೆ. ಆತನ ಹೆಸರನ್ನು ಮಾತ್ರ ಕೊಟ್ಟಿಲ್ಲ.

ನಿಯುಕ್ತಿಯ ಮೂಲಪೀಠ ಪರ್ಷಿಯದ ಕ್ರೈಸ್ತಸಭೆಯ ಮುಖ್ಯಸ್ಥನಾದ ಸೆಲ್ಯೂಸಿಯ-ಕ್ಟೆಸಿಫಾನಿನ ಕಥೋಲಿಕೋಸನದು. ಕಾಸ್ಮಾಸನು ಗುರುವೆಂದು ಗೌರವಿಸುವ ಪೆಟ್ರೀಷಿಯಸನು 540ರಿಂದ 552ರವರೆಗೆ ಆ ಪೀಠದಲ್ಲಿದ್ದ ಮಾರ್ ಆಬಾನೇ ಎಂದು ವಿದ್ವಾಂಸರು ಗುರುತಿಸಿರುವುದರಿಂದ, ಈ ಸುದ್ದಿ ಕೇವಲ ನಾವಿಕರ ಜನಶ್ರುತಿಯಾಗಿರಲಾರದು.

ಸ್ಥಳನಿರ್ಣಯ: ಉಡುಪಿಯ ಬಳಿ ಸುವರ್ಣಾನದಿಯ ದಡದಲ್ಲಿರುವ ಕಲ್ಯಾಣಪುರವೇ ಕಲ್ಲಿಯಾನವೆಂಬ ವಾದ ನಮ್ಮ ಕರಾವಳಿಯಲ್ಲಿ ಪ್ರಚಲಿತವಾಗಿದೆ, ಅಲ್ಲಿಯ ಮಿಲಾಗ್ರಿಸ್ ಇಗರ್ಜಿಯು 2012ರಲ್ಲಿ ಸ್ಥಾಪಿತವಾದ ಉಡುಪಿ ಧರ್ಮಪ್ರಾಂತ್ಯದ ಪ್ರಧಾನ ದೇವಾಲಯವಾದುದರಿಂದ ಆ ಅಭಿಮಾನ ಸಹಜವೂ ಹೌದು. ಆದರೆ ಕಾಸ್ಮಾಸನು ಹನ್ನೊಂದನೆಯ ಭಾಗದಲ್ಲಿ ಕೊಡುವ ರೇವುಗಳ ಅನುಕ್ರಮ ಈ ವಾದಕ್ಕೆ ಪ್ರತಿಕೂಲವಾಗಿದೆ. ಸಿಂಧು, ಸೌರಾಷ್ಟ್ರದ್ದೆಂದು ಊಹಿಸಲಾದ ಓರ್ಹೋಥ, ಕಲ್ಲಿಯಾನ, ಚೌಲ್ ಎಂದು ಬಹುಮಂದಿ ಗುರುತಿಸುವ ಸಿಬೋರ್, ಅನಂತರ ಮಾಲೆಯ ಐದು ರೇವುಗಳು. ಮಂಗಳೂರೆಂದು ತೋರುವ ಮಂಗರೂಥವು ಈ ಐದರಲ್ಲಿ ಒಂದು. ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಈ ಪಟ್ಟಿಯಲ್ಲಿ ಚೌಲಿಗಿಂತ ಮೊದಲೇ ಬರುವ ಪಟ್ಟಣ ತುಳುನಾಡಿನದಾಗುವುದು ಕಷ್ಟ. ಕಲ್ಲಿಯಾನದಿಂದ ರಫ್ತಾಗುತ್ತಿದ್ದವು ತಾಮ್ರ, ಶೀಶಮ್ ಇರಬಹುದಾದ ಮರದ ದಿಮ್ಮಿ, ಬಟ್ಟೆ. ಮೆಣಸಿನ ಮಾತೇ ಇಲ್ಲ. ಒಂದನೆಯ ಶತಮಾನದ ಪೆರಿಪ್ಲಸ್ ಗ್ರಂಥವೂ ಕಲ್ಲಿಯೇನವನ್ನು ಶಾತವಾಹನರ ಕಾಲದ ರೇವೆಂದು ಹೆಸರಿಸುತ್ತದೆ. ಕನ್ಹೇರಿಯ ಗುಹಾಶಾಸನಗಳಲ್ಲಿ ಕಲ್ಯಾಣದ ದಾನಿಗಳಿದ್ದಾರೆ. ಆದುದರಿಂದ ಠಾಣೆ ಜಿಲ್ಲೆಯಲ್ಲಿ, ಉಲ್ಹಾಸ್ ನದಿಯ ತೀರದಲ್ಲಿರುವ ಕಲ್ಯಾಣವೇ ಆ ಪೀಠಸ್ಥಾನವೆಂಬುದು ಹೆಚ್ಚು ಯುಕ್ತವಾದ ಪಕ್ಷ.

ಉತ್ತರಕಾಲ: ಏಳನೆಯ ಶತಮಾನದ ಮಧ್ಯದಲ್ಲಿ ಕಥೋಲಿಕೋಸ್ ಮೂರನೆಯ ಈಶೋಯಾಬನು ಪರ್ಷಿಯದ ರೇವ್ ಅರ್ದಷೀರಿನ ಮಹಾಧರ್ಮಾಧ್ಯಕ್ಷನಿಗೆ ಬರೆದ ಪತ್ರದಲ್ಲಿ, ಭಾರತದ ಯಾಜಕಪರಂಪರೆ ಕಡಿದುಹೋಗಲು ಆ ಪೀಠದವರೇ ಕಾರಣರೆಂದು ಆಕ್ಷೇಪಿಸಿದ್ದಾನೆ.

ಐತಿಹ್ಯಗಳು: ಸಂತ ಬಾರ್ತಲೋಮಿಯು ಕಲ್ಯಾಣದಲ್ಲಿ ಬೋಧಿಸಿದನೆಂಬ ಮತ ಅನುಮಾನಾಧಾರಿತವಾದುದು. ಪವಾಡಕಥೆಗಳು ಸೇರಿಕೊಂಡಿರುವುದು 1321ರಲ್ಲಿ ಠಾಣೆಯಲ್ಲಿ ಹತರಾದ ನಾಲ್ವರು ಫ್ರಾನ್ಸಿಸ್ಕನರಿಗೆ. ಅವರ ಅಸ್ಥಿಗಳನ್ನು ಚೀನಕ್ಕೆ ಒಯ್ದ ಫ್ರಾನ್ಸಿಸ್ಕನ್ ಪ್ರವಾಸಿ ಓಡೊರಿಕನು, ಗಾಳಿ ನಿಂತ ಹಡಗಿನಿಂದ ಒಂದು ಎಲುಬನ್ನು ಕಡಲಿಗೆ ಹಾಕಿಸಲು ಅನುಕೂಲಮಾರುತ ಬೀಸಿತೆನ್ನುತ್ತಾನೆ. ಇತಿಹಾಸಕಾರನಿಗೆ ಇದಕ್ಕಿಂತ ಅಮೂಲ್ಯವಾದುದು ಅವನ ಇನ್ನೊಂದು ಮಾತು: ಠಾಣೆಯಲ್ಲಿ ಅವರಿಗೆ ಆಶ್ರಯವಿತ್ತವರು ನೆಸ್ಟೋರಿಯನ್ ಕ್ರೈಸ್ತರು, ಎಂದರೆ ಕಲ್ಲಿಯಾನಕ್ಕೆ ಧರ್ಮಾಧ್ಯಕ್ಷನನ್ನು ಕಳುಹಿಸಿದ ಸಭೆಯವರೇ.