ಪ್ರಗತಿಶೀಲ ಯುಗ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸದಲ್ಲಿ ಸುಮಾರು 1890ರ ದಶಕದಿಂದ 1920ರವರೆಗಿನ ಸುಧಾರಣೆಯ ಕಾಲವನ್ನು ಪ್ರಗತಿಶೀಲ ಯುಗವೆಂದು ಕರೆಯುತ್ತಾರೆ. ಕನ್ನಡದಲ್ಲಿ ಅ.ನ.ಕೃ. ಮೊದಲಾದವರು ಮುನ್ನಡೆಸಿದ ಪ್ರಗತಿಶೀಲ ಸಾಹಿತ್ಯ ಚಳವಳಿಗೂ ಇದಕ್ಕೂ ಸಂಬಂಧವಿಲ್ಲ. ಇದು ಒಂದು ಪಕ್ಷ ನಡೆಸಿದ ಚಳವಳಿಯೂ ಅಲ್ಲ. ಪತ್ರಕರ್ತರು, ಮಹಿಳಾ ಸಂಘಗಳು, ಕಾರ್ಮಿಕ ಸಂಘಟನೆಗಳು, ಪಾದ್ರಿಗಳು, ಪಟ್ಟಣದ ವಿದ್ಯಾವಂತರು ತಂತಮ್ಮ ದಾರಿಯಲ್ಲಿ ಬಂದು ಕೇಳಿದ ಪ್ರಶ್ನೆ ಮಾತ್ರ ಒಂದೇ: ಹಣವಂತರ ಕೈಯಲ್ಲಿ ಸೇರಿಹೋದ ಅಧಿಕಾರವನ್ನು ಸರ್ಕಾರ ಹತೋಟಿಗೆ ತರಬಲ್ಲುದೇ?

ಅಂತರ್ಯುದ್ಧ ಮುಗಿದ ಮೇಲಿನ ನಾಲ್ಕು ದಶಕಗಳಲ್ಲಿ ರೈಲು, ಉಕ್ಕು, ಎಣ್ಣೆಯ ಉದ್ಯಮಗಳು ದೇಶದ ಚಹರೆಯನ್ನೇ ಬದಲಿಸಿದ್ದವು. ಜಾನ್ ಡಿ. ರಾಕ್‌ಫೆಲ್ಲರ್ ಅವರ ಸ್ಟ್ಯಾಂಡರ್ಡ್ ಆಯಿಲ್ ಒಂದು ಹಂತದಲ್ಲಿ ದೇಶದ ಎಣ್ಣೆ ಸಂಸ್ಕರಣೆಯ ಸುಮಾರು ಶೇ. 90 ಭಾಗವನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಇಟಲಿ, ರಷ್ಯಾ, ಪೂರ್ವ ಯುರೋಪುಗಳಿಂದ ಹಡಗು ಹಡಗು ಜನ ಬಂದಿಳಿಯುತ್ತಿದ್ದರು. 1907ರ ಒಂದೇ ವರ್ಷದಲ್ಲಿ ಬಂದವರು 12 ಲಕ್ಷಕ್ಕೂ ಹೆಚ್ಚು. ಅವರು ತುಂಬಿಕೊಂಡ ನ್ಯೂಯಾರ್ಕ್, ಷಿಕಾಗೊ ನಗರಗಳ ಇಕ್ಕಟ್ಟಾದ ವಠಾರಗಳಿಗೆ ಗಾಳಿ ಬೆಳಕು ಸರಿಯಾಗಿ ಇರಲಿಲ್ಲ. 1889ರಲ್ಲಿ ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೊದಲ್ಲಿ ಹಲ್ ಹೌಸ್ ತೆರೆದು ವಲಸಿಗರ ನಡುವೆಯೇ ವಾಸಮಾಡಿದರು. ಶಿಶುವಿಹಾರ, ಸಂಜೆ ತರಗತಿಗಳ ಜೊತೆಗೆ ಬೀದಿ ಬೀದಿಯ ದುಡಿಮೆ ಮತ್ತು ಕೂಲಿಯ ಲೆಕ್ಕವನ್ನೂ ಅಲ್ಲಿ ಕಲೆಹಾಕಿದರು.

ಈ ಯುಗದ ನಿಜವಾದ ಆಯುಧ ಮಾಸಪತ್ರಿಕೆ. 1902ರಿಂದ ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಐಡಾ ಟಾರ್ಬೆಲ್ ಸ್ಟ್ಯಾಂಡರ್ಡ್ ಆಯಿಲ್‌ನ ವ್ಯವಹಾರವನ್ನು ದಾಖಲೆ ಸಮೇತ ಕಂತು ಕಂತಾಗಿ ಬರೆದರು. ಲಿಂಕನ್ ಸ್ಟೆಫೆನ್ಸ್ ನಗರಸಭೆಗಳ ಲಂಚಾವತಾರವನ್ನು ಬಯಲಿಗೆಳೆದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1906ರಲ್ಲಿ ಇಂಥ ಬರಹಗಾರರನ್ನು ತಿಪ್ಪೆ ಕೆದಕುವವರು ಎಂಬರ್ಥದ ಮಾತಿನಿಂದ ಟೀಕಿಸಿದರು. ಆ ಹೆಸರೇ ಅವರಿಗೆ ಬಿರುದಾಗಿ ನಿಂತಿತು. ಅದೇ ವರ್ಷ ಅಪ್ಟನ್ ಸಿಂಕ್ಲೇರ್ ಅವರ ‘ದ ಜಂಗಲ್’ ಕಾದಂಬರಿ ಹೊರಬಂತು. ಷಿಕಾಗೊದ ಮಾಂಸ ಕಾರ್ಖಾನೆಗಳ ಕೂಲಿಗಳ ಬವಣೆಯನ್ನು ಹೇಳುವುದು ಅವರ ಉದ್ದೇಶವಾಗಿತ್ತು. ಓದುಗರನ್ನು ಬೆಚ್ಚಿಬೀಳಿಸಿದ್ದು ಮಾತ್ರ ತಮ್ಮ ತಟ್ಟೆಗೆ ಬರುತ್ತಿದ್ದ ಕೊಳೆತ ಮಾಂಸ. 1906ರ ಜೂನ್ 30ರಂದು ಮಾಂಸ ತಪಾಸಣೆಯ ಕಾಯಿದೆಗೂ ಆಹಾರ ಮತ್ತು ಔಷಧಿಗಳ ಶುದ್ಧತೆಯ ಕಾಯಿದೆಗೂ ಅಧ್ಯಕ್ಷರ ಸಹಿ ಬಿತ್ತು. ಕೂಲಿಯವರ ಪಾಡು ಹಾಗೇ ಉಳಿಯಿತು.

ಆ ಪಾಡಿನತ್ತ ದೇಶ ತಿರುಗಿ ನೋಡಿದ್ದು ಒಂದು ಬೆಂಕಿಯಿಂದ. 1911ರ ಮಾರ್ಚ್ 25, ಶನಿವಾರ ಸಂಜೆ, ನ್ಯೂಯಾರ್ಕ್‌ನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಇದ್ದದ್ದು ಕಟ್ಟಡದ 8, 9 ಮತ್ತು 10ನೇ ಮಹಡಿಗಳಲ್ಲಿ. ಒಂಬತ್ತನೇ ಮಹಡಿಯಿಂದ ಇಳಿಯುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಯವರೆಗೆ ಮಾತ್ರ ಮುಟ್ಟಿತು. ಅರ್ಧ ಗಂಟೆಯೊಳಗೆ ಮುಗಿದ ಈ ದುರಂತದಲ್ಲಿ 146 ಜನ ಸತ್ತರು. ಹೆಚ್ಚಿನವರು ಯಹೂದಿ ಮತ್ತು ಇಟಲಿ ಮೂಲದ ಯುವತಿಯರು. ಕಿಟಕಿಯಿಂದ ಹಾರಿ ಸತ್ತವರೂ ಅನೇಕರು. ಎರಡು ವರ್ಷ ಹಿಂದೆ, 1909ರಲ್ಲಿ, ನಗರದ ಸುಮಾರು 20,000 ಉಡುಪು ಕೆಲಸಗಾರರು ಮುಷ್ಕರ ಹೂಡಿದ್ದರು, ಈ ಕಾರ್ಖಾನೆಯ ಹುಡುಗಿಯರೂ ಅದರಲ್ಲಿದ್ದರು ಎಂಬುದನ್ನು ಮರೆಯಬಾರದು. ಅವರ ಮಾತನ್ನು ಆಗ ಕೇಳಿದ್ದರೆ ಈ ಸಾವುಗಳಲ್ಲಿ ಎಷ್ಟೋ ತಪ್ಪುತ್ತಿದ್ದವೇನೋ. ಮಾಲೀಕರಿಬ್ಬರನ್ನೂ ನ್ಯಾಯಾಲಯ ಖುಲಾಸೆ ಮಾಡಿತು. ಆದರೆ ರಾಜ್ಯ ನೇಮಿಸಿದ ತನಿಖಾ ಆಯೋಗ ಕಾರ್ಖಾನೆಯಿಂದ ಕಾರ್ಖಾನೆಗೆ ಓಡಾಡಿ, ಅಗ್ನಿಸುರಕ್ಷೆ, ಕೆಲಸದ ಅವಧಿ, ಬಾಲಕಾರ್ಮಿಕರ ಕುರಿತು ಹತ್ತಾರು ಕಾನೂನುಗಳಿಗೆ ದಾರಿ ಮಾಡಿತು. ಆ ಸಂಜೆ ಬೀದಿಯಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ದೇಶದ ಕಾರ್ಮಿಕ ಸಚಿವೆಯಾದರು. ಅಮೆರಿಕದ ಸಚಿವ ಸಂಪುಟ ಸೇರಿದ ಮೊದಲ ಮಹಿಳೆ ಅವರೇ.

ವಾಷಿಂಗ್ಟನ್ ಮಟ್ಟದಲ್ಲೂ ಬದಲಾವಣೆಗಳಾದವು. 1902ರ ಕಲ್ಲಿದ್ದಲು ಗಣಿ ಮುಷ್ಕರದಲ್ಲಿ ರೂಸ್‌ವೆಲ್ಟ್ ಮಾಲೀಕರ ಪರ ಸೈನ್ಯ ಕಳಿಸುವ ಬದಲು ಎರಡೂ ಕಡೆಯವರನ್ನು ಮಾತುಕತೆಗೆ ಕರೆದರು. 1911ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾಂಡರ್ಡ್ ಆಯಿಲ್ ಅನ್ನು ಒಡೆಯಲು ತೀರ್ಪಿತ್ತಿತು. 1913ರಲ್ಲಿ ಸಂವಿಧಾನದ 16ನೇ ತಿದ್ದುಪಡಿ ಆದಾಯ ತೆರಿಗೆಗೆ ಅವಕಾಶ ಕೊಟ್ಟರೆ, 17ನೆಯದು ಸೆನೆಟ್ ಸದಸ್ಯರನ್ನು ಜನರೇ ನೇರವಾಗಿ ಆರಿಸುವಂತೆ ಮಾಡಿತು. ಅಧ್ಯಕ್ಷ ವುಡ್ರೋ ವಿಲ್ಸನ್ ಕಾಲದಲ್ಲಿ ದೇಶದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಹುಟ್ಟಿತು. 1916ರ ಬಾಲಕಾರ್ಮಿಕ ಕಾನೂನನ್ನು ಕೋರ್ಟ್ ಎರಡೇ ವರ್ಷದಲ್ಲಿ ಹೊಡೆದುಹಾಕಿತು. 1920ರಲ್ಲಿ ಜಾರಿಗೆ ಬಂದ ಪಾನನಿಷೇಧ 1933ರಲ್ಲಿ ರದ್ದಾಯಿತು. ಇವೆಲ್ಲಕ್ಕಿಂತ ದೊಡ್ಡ ಗೆಲುವು ಮಹಿಳೆಯರದು: ದಶಕಗಳ ಹೋರಾಟದ ನಂತರ 1920ರ ಆಗಸ್ಟ್‌ನಲ್ಲಿ ಟೆನೆಸ್ಸಿ ರಾಜ್ಯದ ಒಪ್ಪಿಗೆಯೊಂದಿಗೆ ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ 19ನೇ ತಿದ್ದುಪಡಿ ಊರ್ಜಿತವಾಯಿತು.

ಈ ಯುಗದ ದೊಡ್ಡ ಕಳಂಕ ವರ್ಣಭೇದ. ಮಾಂಸದ ಕೊಳಕನ್ನು ಕಂಡು ಸಿಡಿದೆದ್ದ ಬಹುಸಂಖ್ಯಾತರು, ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುತ್ತಿದ್ದುದನ್ನು ತಡೆಯುವ ಕಾನೂನಿಗೆ ಮನಸ್ಸು ಮಾಡಲಿಲ್ಲ. ಐಡಾ ಬಿ. ವೆಲ್ಸ್ ಆ ಕೊಲೆಗಳನ್ನು ಒಂದೊಂದಾಗಿ ದಾಖಲಿಸಿದ್ದರು, ಡಬ್ಲ್ಯು.ಇ.ಬಿ. ಡುಬಾಯ್ಸ್ 1910ರಿಂದ ಕಪ್ಪು ಜನರ ಹಕ್ಕಿಗಾಗಿ ‘ಕ್ರೈಸಿಸ್’ ಪತ್ರಿಕೆ ನಡೆಸಿದರು. ವಿಲ್ಸನ್ ಆಡಳಿತವಾದರೋ ಕೇಂದ್ರ ಸರ್ಕಾರದ ಕಚೇರಿಗಳಲ್ಲೇ ಕಪ್ಪು ನೌಕರರನ್ನು ಬೇರೆ ಕೂರಿಸಿತು.

ಏಷ್ಯಾದವರಿಗೂ ಬಾಗಿಲು ಮುಚ್ಚುತ್ತಾ ಬಂತು. 1917ರ ವಲಸೆ ಕಾನೂನು ಭಾರತದಿಂದ ದುಡಿಯಲು ಬರುವವರನ್ನು ತಡೆಯಿತು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಭಾರತೀಯರಿಗೆ ಆ ಹಕ್ಕು ಸಿಕ್ಕಿದ್ದು 1946ರಲ್ಲಿ. ಮತದ ಹಕ್ಕಿನ ಕಥೆಯೂ ಹೀಗೆಯೇ: 19ನೇ ತಿದ್ದುಪಡಿಯ ನಂತರವೂ ದಕ್ಷಿಣದ ಬಹುಪಾಲು ಕಪ್ಪು ಹೆಂಗಸರು ಮತ ಹಾಕಲು 1965ರ ಮತದಾನ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು.