ಬಿನ್ನಿಪೇಟೆಯ ಹಳೆಯ ಕಾಗದಗಳೂ ಕೆಲವು ಲ್ಯಾಟಿನ್ ಮಾತುಗಳೂ

ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆ ಊರು ‘ಬೆಂದಕಾಳೂರು’ ಆಯಿತು, ಮುಂದೆ ಬೆಂಗಳೂರಾಯಿತು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 12ನೆಯ ಶತಮಾನದಲ್ಲಿ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಅದು ಕ್ರಿ.ಶ. 890ರ ಸುಮಾರಿನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಬಲ್ಲಾಳ ಹುಟ್ಟುವ ಮೊದಲೇ ಊರಿಗೆ ಹೆಸರಿತ್ತು! ಇತಿಹಾಸಕಾರರು ಇಂಥ ಗಡಿಯನ್ನು ‘ಟರ್ಮಿನಸ್ ಆಂಟೆ ಕ್ವೆಮ್’ ಎನ್ನುತ್ತಾರೆ. ಹೆಸರು ಈ ಕಾಲಕ್ಕಿಂತ ಈಚೆಗೆ ಹುಟ್ಟಿದ್ದಲ್ಲ ಎಂದು ಅದರ ಅರ್ಥ. ಹಾಗಾದರೆ ಹೆಸರು ಹೇಗೆ ಬಂತು? ಕಲ್ಲು ಅದನ್ನು ಹೇಳುವುದಿಲ್ಲ. ಅದು ಹೇಳಿದಷ್ಟನ್ನೇ ನಾವು ತೆಗೆದುಕೊಳ್ಳಬೇಕು.

ಇದಕ್ಕೆ ಜೋಡಿಯಾದ ಮಾತು ‘ಟರ್ಮಿನಸ್ ಪೋಸ್ಟ್ ಕ್ವೆಮ್’. ಈ ಕಾಲಕ್ಕಿಂತ ಹಿಂದಿನದಾಗಿರಲಾರದು ಎಂದರ್ಥ. ಉದಾಹರಣೆಗೆ ದೂರ ಹೋಗಬೇಕಿಲ್ಲ. ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಸ್ಥಾಪನೆಯಾದದ್ದು 1884ರಲ್ಲಿ. ಮದರಾಸಿನ ಬಿನ್ನಿ ಕಂಪನಿ ಅದನ್ನು ವಹಿಸಿಕೊಂಡದ್ದು 1886ರಲ್ಲಿ. ನಮ್ಮ ಪೇಟೆಗೆ ಹೆಸರು ಬಂದದ್ದು ಆ ಕಂಪನಿಯಿಂದ. ಯಾರಾದರೂ 1870ರ ಕ್ರಯಪತ್ರವೆಂದು ತಂದ ಕಾಗದದಲ್ಲಿ ‘ಬಿನ್ನಿಪೇಟೆ’ ಎಂದಿದ್ದರೆ, ಮುದ್ರೆ ಎಷ್ಟೇ ಚೆನ್ನಾಗಿರಲಿ, ಆ ಬರಹ ಆಮೇಲಿನದು.

ಇನ್ನು ಹಿರಿಯರ ನೆನಪು. ‘ಟೆಸ್ಟಿಸ್ ಉನುಸ್, ಟೆಸ್ಟಿಸ್ ನುಲ್ಲುಸ್’ ಎಂಬ ಹಳೆಯ ಸೂತ್ರದಂತೆ ಒಬ್ಬನೇ ಸಾಕ್ಷಿಯೆಂದರೆ ಸಾಕ್ಷಿಯೇ ಇಲ್ಲ. ನಮ್ಮ ಕಾನೂನು ಇದನ್ನು ಒಪ್ಪಲಿಲ್ಲ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 134ನೆಯ ಕಲಮಿನ ಪ್ರಕಾರ ಒಂದು ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮವಿರಲಿಲ್ಲ. ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳು ಎಂಬ ‘ಫಾಲ್ಸಸ್ ಇನ್ ಉನೊ’ ಸೂತ್ರವನ್ನೂ ನಮ್ಮ ಸುಪ್ರೀಂ ಕೋರ್ಟು ಕಟ್ಟುನಿಟ್ಟಿನ ನಿಯಮವೆಂದು ಒಪ್ಪಿಲ್ಲ. ಕಾಳು-ಜೊಳ್ಳು ಬೇರೆ ಮಾಡಿ ನೋಡಿ ಎನ್ನುತ್ತದೆ. ಇದು ನನಗೆ ತುಂಬ ನ್ಯಾಯವಾಗಿ ಕಾಣುತ್ತದೆ. ಗಿರಣಿಯಲ್ಲಿ ದುಡಿದ ಅಜ್ಜ ಮುಷ್ಕರದ ಇಸವಿಯನ್ನು ತಪ್ಪಾಗಿ ಹೇಳಬಹುದು, ಆದರೆ ಮಗ್ಗದ ಸದ್ದಿನಲ್ಲಿ ಸನ್ನೆಯಲ್ಲೇ ಮಾತಾಡುತ್ತಿದ್ದೆವು ಎಂದರೆ ಆ ಮಾತನ್ನು ತಳ್ಳಿಹಾಕಲು ಕಾರಣವಿಲ್ಲ. ಇಸವಿಗೆ ಬೇರೆ ಆಧಾರ ಹುಡುಕಿದರಾಯಿತು.

ಗಿರಣಿಯಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಆಡಳಿತದ ಕಾಗದಗಳಲ್ಲಿ ಲಾಭ-ನಷ್ಟದ ಲೆಕ್ಕ ಸಿಕ್ಕೀತು, ಕೂಲಿಯವರ ಸಂಸಾರದ ಸುದ್ದಿ ಸಿಗುವುದು ಕಷ್ಟ. ದಾಖಲೆ ಸುಮ್ಮನಿದೆಯೆಂದು ಅಂಥ ಬದುಕು ನಡೆಯಲೇ ಇಲ್ಲ ಎನ್ನಲಾದೀತೆ? ಹಳೆಯ ವಿದ್ಯಾರ್ಥಿಗಳ ಮನೆಯ ಟ್ರಂಕಿನಲ್ಲಿ ಸಂಬಳದ ಚೀಟಿಯೋ ಫೋಟೊವೋ ಇದ್ದರೆ ಗುಜರಿಗೆ ಹಾಕಬೇಡಿ. ಫೋಟೊದಲ್ಲಿರುವವರ ಹೆಸರನ್ನು ಬಲ್ಲವರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು, ಯಾರು ಯಾವಾಗ ಹೇಳಿದರೆಂಬುದನ್ನೂ ಸೇರಿಸಿ.